ತಾಳ ಹಾಕುತ್ತ ಕೇಳಿ: ಜಪಾನಿನ ಪ್ರೋಗ್ರೆಸಿವ್ ರಾಕ್ ಮತ್ತು ಫ್ಯೂಷನ್‌ನ ಪರಿಚಯ

ಯೂಟ್ಯೂಬ್‌ನಲ್ಲಿ ಯಾವುದೋ ವಾದ್ಯಸಂಗೀತ ಹಾಕಿ ಕೆಲಸಕ್ಕೆ ಕೂತಿರುತ್ತೀರಿ. ಹಾಕಿದ್ದು ಮುಗಿಯುತ್ತದೆ, ಅದು ತಾನಾಗಿಯೇ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಪರದೆಯ ಮೇಲೆ ನೀಲಿ ಸಮುದ್ರವೋ ರಾತ್ರಿಯ ಹೆದ್ದಾರಿಯೋ, ಓದಲಾಗದ ಲಿಪಿ, 1979 ಎಂದೋ 1982 ಎಂದೋ ಒಂದು ಇಸವಿ. ಹಾಡುವವರು ಯಾರೂ ಇಲ್ಲ. ಆದರೆ ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್ ನಾಲ್ಕೂ ಹಲ್ಲಿಗೆ ಹಲ್ಲು ಕಚ್ಚಿದ ಚಕ್ರಗಳಂತೆ ಓಡುತ್ತಿರುತ್ತವೆ. ಸಪ್ಪೊರೊ ನಗರದ ಪಿಯಾನೊ ವಾದಕ ರ್ಯೊ ಫುಕುಯಿ 1976ರಲ್ಲಿ ಹೊರತಂದ 'ಸೀನರಿ' ಎಂಬ ಜಾಝ್ ಆಲ್ಬಂ ನಾಲ್ಕು ದಶಕದ ನಂತರ ಜಗತ್ತಿನ ಕಿವಿಗೆ ಬಿದ್ದದ್ದು ಹೀಗೆ. ಅದೇ ದಾರಿಯಲ್ಲಿ ಕ್ಯಾಸಿಯೋಪಿಯ, ಟಿ-ಸ್ಕ್ವೇರ್, ಮಸಾಯೋಶಿ ತಕಾನಾಕಾ ಮೊದಲಾದವರು ಬಂದರು.

ಒಂದು ಕೃತಿ ಹಿಡಿಸಿದ ಮೇಲೆ ಮುಂದೇನು ಎಂಬಲ್ಲಿ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಹೆಸರು ಓದಲು ಬರುವುದಿಲ್ಲ, ಸಾಹಿತ್ಯ ಇಲ್ಲ, ಇದ್ದರೂ ಜಪಾನಿ ಭಾಷೆಯಲ್ಲಿ. ಹಿಡಿದುಕೊಳ್ಳಲು ಏನೂ ಇಲ್ಲ ಅನ್ನಿಸುತ್ತದೆ. ಆದರೆ ಶಾಸ್ತ್ರೀಯ ಸಂಗೀತದ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕಿ ಅಭ್ಯಾಸ ಇರುವವರ ಕೈಯಲ್ಲೇ ಇದರ ಬೀಗದ ಕೈ ಇದೆ.

ಎರಡು ಹೆಸರು, ಎರಡು ಮನೆ

ಪ್ರೋಗ್ರೆಸಿವ್ ರಾಕ್, ಚುಟುಕಾಗಿ 'ಪ್ರೋಗ್', ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1960ರ ದಶಕದ ಕೊನೆಗೆ. ಪಲ್ಲವಿ-ಚರಣಗಳ ಮೂರು ನಿಮಿಷದ ಹಾಡು ಸಾಕೆನಿಸಿದ ರಾಕ್ ತಂಡಗಳು ಹತ್ತು, ಇಪ್ಪತ್ತು ನಿಮಿಷದ ರಚನೆಗಳಿಗೆ ಕೈಹಾಕಿದವು. ಒಂದೇ ಕೃತಿಯೊಳಗೆ ಹಲವು ಅಂಕಗಳು, ನಡುನಡುವೆ ತಾಳ ಬದಲಾವಣೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ತಂದ ಸ್ವರವಿನ್ಯಾಸ. ಯಕ್ಷಗಾನದಲ್ಲಿ ಸನ್ನಿವೇಶ ತಿರುಗಿದಂತೆ ಭಾಗವತರು ತಾಳ ತಿರುಗಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಕಿಂಗ್ ಕ್ರಿಮ್ಸನ್, ಪಿಂಕ್ ಫ್ಲಾಯ್ಡ್, ಜೆನೆಸಿಸ್ ಈ ಮನೆಯ ಹಿರಿಯರು.

'ಫ್ಯೂಷನ್' ಎಂದರೆ ನಮ್ಮಲ್ಲಿ ವೀಣೆಯ ಪಕ್ಕ ಡ್ರಮ್ಸ್ ಇಟ್ಟ ಕಛೇರಿ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಆ ಅರ್ಥವನ್ನು ಬದಿಗಿಡಬೇಕು. ಜಾಝ್‌ನ ಮನೋಧರ್ಮ, ರಾಕ್‌ನ ಎಲೆಕ್ಟ್ರಿಕ್ ವಾದ್ಯಗಳು, ಫಂಕ್‌ನ ಕುಣಿಸುವ ಬೇಸ್ ಮತ್ತು ಲಯ, ಇವು ಮೂರೂ ಬೆರೆತದ್ದು ಈ ಫ್ಯೂಷನ್. ಜಪಾನಿನಲ್ಲಿ ಮೊದಮೊದಲು ಇದನ್ನು 'ಕ್ರಾಸ್‌ಓವರ್' ಎನ್ನುತ್ತಿದ್ದರು.

ಕಿವಿಯಲ್ಲಿ ಬೇರೆ ಮಾಡಿಕೊಳ್ಳುವುದು ಹೇಗೆ? ಫ್ಯೂಷನ್ ಕೃತಿಯಲ್ಲಿ ಮೊದಲು ಒಂದು ಮುಖ್ಯ ರಾಗಧಾಟಿ ಬರುತ್ತದೆ, ಬಳಿಕ ಒಬ್ಬೊಬ್ಬರಾಗಿ ಸೋಲೊ ನುಡಿಸುತ್ತಾರೆ, ಕೊನೆಗೆ ಎಲ್ಲರೂ ಮೊದಲಿನ ಧಾಟಿಗೆ ಮರಳುತ್ತಾರೆ. ಕಲ್ಪನಾಸ್ವರ ಮುಗಿಸಿ ಪಲ್ಲವಿಗೆ ಬರುವಂತೆಯೇ. ಪ್ರೋಗ್‌ನಲ್ಲಿ ಹೊರಟ ಜಾಗಕ್ಕೆ ಮರಳುವ ಹಂಗಿಲ್ಲ, ಬಹುಪಾಲು ಮೊದಲೇ ಕೂಡಿಸಿಟ್ಟದ್ದು, ಸೋಲೊ ಬಂದರೂ ಅದು ಕಥೆಯ ಒಂದು ಭಾಗ. ಎರಡರ ನಡುವಿನ ಗೋಡೆ ಮಾತ್ರ ತೆಳು. ಜಪಾನಿನಲ್ಲಂತೂ ಒಂದೇ ಕಲಾವಿದ ಬೆಳಗ್ಗೆ ಆ ಮನೆ, ಸಂಜೆ ಈ ಮನೆ.

ಬೆರಳೆಣಿಕೆ: 16, 7 ಮತ್ತು 'ಕಿಮೆ'

ಕ್ಯಾಸಿಯೋಪಿಯದಂಥ ತಂಡದ ಹೆಚ್ಚಿನ ಕೃತಿಗಳು ಸರಳವಾದ ನಾಲ್ಕರ ಎಣಿಕೆಯವು. ಆದಿತಾಳದ ಎಂಟು ಅಕ್ಷರ ಎಂದರೆ ಅವರ ಎರಡು ಆವರ್ತ. ಆದರೆ ಪ್ರತಿ ಎಣಿಕೆಯನ್ನೂ ನಾಲ್ಕಾಗಿ ಸೀಳುತ್ತಾರೆ, ನಮ್ಮ ಚತುರಶ್ರ ನಡೆಯಂತೆ. ನಾಲ್ಕು ನಾಲ್ಕಲ ಹದಿನಾರು. ಜಪಾನಿನವರು ಇದಕ್ಕೆ '16 ಬೀಟ್' ಎಂದೇ ಹೇಳುವುದು. 'ತಕಧಿಮಿ'ಯನ್ನು ಬಾಯಲ್ಲಿ ಹೇಳುತ್ತ ಕೇಳಿದರೆ ಗಿಟಾರಿನ ಚಕಚಕ ಹೊಡೆತ ಯಾವ ಅಕ್ಷರಕ್ಕೆ ಬೀಳುತ್ತಿದೆ, ಎಲ್ಲಿ ಮೌನ ಇದೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಈ ಮೌನಗಳೇ ಆ ಲಯದ ಜೀವ.

ಎರಡನೆಯದು, ಎಣಿಕೆಗಿಂತ ಒಂದು ಕೂದಲಷ್ಟು ಮೊದಲೇ ಸ್ವರ ಹಿಡಿಯುವುದು. ನಮ್ಮ ಪರಿಭಾಷೆಯಲ್ಲಿ ಅತೀತ ಎಡುಪು. ಜಪಾನಿ ವಾದಕರ ಆಡುಮಾತಿನಲ್ಲಿ ಇದು 'ಕುಉ', ಅಂದರೆ 'ತಿನ್ನುವುದು': ಮುಂದಿನ ಎಣಿಕೆಯ ಮೂಲೆಯನ್ನು ಕಚ್ಚಿ ತಿನ್ನುವುದು. ಸಂಗೀತ ಸದಾ ಮುಂದಕ್ಕೆ ವಾಲಿದಂತೆ, ಓಡುತ್ತಿರುವಂತೆ ಕೇಳುವುದಕ್ಕೆ ಈ ತಿನ್ನುವಿಕೆಯೇ ಕಾರಣ. ವೇಗ ಹೆಚ್ಚಾಗಿರುವುದಿಲ್ಲ.

ಮೂರನೆಯದು 'ಕಿಮೆ'. ಓಡುತ್ತಿದ್ದ ಲಯ ಫಕ್ಕನೆ ನಿಂತು, ತಂಡದವರೆಲ್ಲ ಒಟ್ಟಿಗೆ ಒಂದೇ ವಿನ್ಯಾಸವನ್ನು ಟಕಟಕನೆ ಹೊಡೆದು, ಮತ್ತೆ ಓಟಕ್ಕೆ ಇಳಿಯುವ ಜಾಗ ಅದು. ನಮ್ಮ ತೀರ್ಮಾನ, ಮುಕ್ತಾಯಗಳ ಸಂಬಂಧಿ. ವ್ಯತ್ಯಾಸ ಇಷ್ಟೆ: ಮೃದಂಗದ ಮುಕ್ತಾಯ ಸಾಮಾನ್ಯವಾಗಿ ಮೂರು ಸಲ ಬಂದು ಸಮಕ್ಕೆ ಕೂಡುತ್ತದೆ, ಕಿಮೆಗೆ ಆ ಕಟ್ಟು ಇಲ್ಲ, ಎಲ್ಲಿ ಬೇಕಾದರೂ ಅಡ್ಡ ಹಾಯಬಹುದು. ಜಪಾನಿ ಫ್ಯೂಷನ್ ಕೇಳುವ ಸುಖದಲ್ಲಿ ಅರ್ಧಪಾಲು ಕಿಮೆಗಾಗಿ ಕಾಯುವುದರಲ್ಲಿದೆ.

ಪ್ರೋಗ್‌ಗೆ ಬಂದರೆ ನಾಲ್ಕರ ಎಣಿಕೆ ಕೈಕೊಡುತ್ತದೆ. ಏಳು, ಐದು, ಒಂಬತ್ತು ಬರುತ್ತವೆ. ನಾಲ್ಕು ನಾಲ್ಕು ಎಂದು ತಟ್ಟುತ್ತಿದ್ದ ಕೈ ಎರಡು ಆವರ್ತದಲ್ಲೇ ತಪ್ಪಿಬೀಳುತ್ತದೆ, ಪಾಶ್ಚಾತ್ಯ ಕೇಳುಗರು 'ಕಷ್ಟದ ಸಂಗೀತ' ಎಂದು ಹಿಂದೆ ಸರಿಯುವುದು ಇಲ್ಲೇ. ಮಿಶ್ರಛಾಪು ಗೊತ್ತಿದ್ದವರಿಗೆ ಅದು 'ತಕಿಟ ತಕಧಿಮಿ', ಐದಾದರೆ 'ತಕ ತಕಿಟ', ಒಂಬತ್ತಾದರೆ 'ತಕಧಿಮಿ ತಕತಕಿಟ'. ಕೈ ಪಳಗಿಸಿಕೊಳ್ಳಲು ಪಿಂಕ್ ಫ್ಲಾಯ್ಡ್‌ನ 'ಮನಿ'ಯ ಆರಂಭದ ಬೇಸ್ ಒಳ್ಳೆಯದು, ಅದು ಏಳರ ಎಣಿಕೆ. ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಐದರದು. ಇವೆರಡೂ ಸಲೀಸಾದ ಮೇಲೆ ಜಪಾನಿಗೆ ಹೋದರೆ ಅರ್ಧ ದಾರಿ ಸವೆದ ಹಾಗೆ. ತಾಳ ಮಧ್ಯದಲ್ಲಿ ಬದಲಾದಾಗ ಕೈ ನಿಲ್ಲಿಸಿ, ಡ್ರಮ್ಸ್ ಅಲ್ಲ, ಬೇಸ್‌ನ ವಿನ್ಯಾಸ ಎಲ್ಲಿಂದ ಪುನಃ ಶುರುವಾಗುತ್ತದೆ ಎಂದು ನೋಡಿ. ಅಲ್ಲಿಂದ ಅಲ್ಲಿಗೆ ಎಣಿಸಿ. ಡ್ರಮ್ಸ್ ಬೇಕೆಂದೇ ದಾರಿ ತಪ್ಪಿಸುತ್ತದೆ, ಬೇಸ್ ಹಾಗೆ ಮಾಡುವುದು ಅಪರೂಪ.

ಜಪಾನಿನಲ್ಲೇ ಏಕೆ?

ಒಂದೇ ಕಾರಣ ಹೇಳಲಾಗದು. 1971ರ ಆಗಸ್ಟ್‌ನಲ್ಲಿ ಪಿಂಕ್ ಫ್ಲಾಯ್ಡ್ ಹಕೋನೆ ಬೆಟ್ಟದ ಬಯಲಿನಲ್ಲಿ ನುಡಿಸಿತು. ಮರುವರ್ಷ ಎಮರ್ಸನ್, ಲೇಕ್ ಆಂಡ್ ಪಾಮರ್ ಟೋಕಿಯೊದ ಕೊರಾಕುಎನ್ ಬೇಸ್‌ಬಾಲ್ ಮೈದಾನದಲ್ಲಿ. ಇವನ್ನು ಕೇಳಿದ ಪೀಳಿಗೆಯ ಕೈಗೆ ವಾದ್ಯಗಳೂ ಸುಲಭವಾಗಿ ಸಿಕ್ಕಿದವು, ಏಕೆಂದರೆ ತಯಾರಕರು ಅದೇ ನೆಲದವರು. ಹಮಾಮತ್ಸು ಎಂಬ ಒಂದು ಊರಿನಲ್ಲೇ ಯಮಾಹ ಮತ್ತು ಕವಾಯ್ ಎರಡೂ ಇವೆ. ಚನ್ನಪಟ್ಟಣಕ್ಕೆ ಗೊಂಬೆ ಹೇಗೋ ಆ ಊರಿಗೆ ವಾದ್ಯ ಹಾಗೆ. ಇಂದಿನ ಹೆಸರಾಂತ ಪಿಯಾನೊ ವಾದಕಿ ಹಿರೊಮಿ ಉಎಹರಾ ಹುಟ್ಟಿದ್ದೂ ಅಲ್ಲೇ. ರೋಲಂಡ್ ಕಂಪನಿ 1972ರಲ್ಲಿ ಒಸಾಕಾದಲ್ಲಿ ಶುರುವಾಯಿತು. ನಮ್ಮೂರ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಕೋಲು ಹಿಡಿದು ಬಾರಿಸುವ ಆಕ್ಟೋಪ್ಯಾಡ್ ಆ ರೋಲಂಡ್‌ನದೇ, 1985ರಲ್ಲಿ ಬಂದದ್ದು.

ಇನ್ನೊಂದು ಕಾರಣ ಶಾಲೆ. ಜಪಾನಿನ ಶಾಲೆಗಳಲ್ಲಿ ಊದುವಾದ್ಯಗಳ ತಂಡ ಒಂದು ದೊಡ್ಡ ಚಟುವಟಿಕೆ, ಪಾಠ ಮುಗಿದ ಮೇಲೆ ದಿನವೂ ಒಟ್ಟಿಗೆ ಅಭ್ಯಾಸ. ಕಾಲೇಜಿಗೆ ಹೋದರೆ ಅಲ್ಲಿ 'ಲಘು ಸಂಗೀತ' ಸಂಘಗಳು. ಟಿ-ಸ್ಕ್ವೇರ್ ಹುಟ್ಟಿದ್ದು ಮೇಯ್ಜಿ ವಿಶ್ವವಿದ್ಯಾಲಯದಲ್ಲಿ, ಕ್ಯಾಸಿಯೋಪಿಯದ ಡ್ರಮ್ಸ್ ವಾದಕ ಅಕಿರಾ ಜಿಂಬೊ ಬಂದದ್ದು ಕೇಯೊ ವಿಶ್ವವಿದ್ಯಾಲಯದ ಬಿಗ್ ಬ್ಯಾಂಡ್ ಎಂಬ ದೊಡ್ಡ ಜಾಝ್ ಮೇಳದಿಂದ. ಯಮಾಹ ನಡೆಸುತ್ತಿದ್ದ 'ಈಸ್ಟ್‌ವೆಸ್ಟ್' ಎಂಬ ಹವ್ಯಾಸಿ ತಂಡಗಳ ಸ್ಪರ್ಧೆ ಕ್ಯಾಸಿಯೋಪಿಯದಂಥ ತಂಡಗಳನ್ನು ರೆಕಾರ್ಡ್ ಕಂಪನಿಗಳ ಕಣ್ಣಿಗೆ ತಂದಿತು. ಚಿಕ್ಕಂದಿನಿಂದ ಒಟ್ಟಿಗೆ ನುಡಿಸಿ ಬೆಳೆದವರ ಕೈಯಲ್ಲಿ ಕಿಮೆ ಅಷ್ಟು ಕರಾರುವಾಕ್ಕಾಗಿ ಬರುವುದರಲ್ಲಿ ಸೋಜಿಗವಿಲ್ಲ.

1979ರ ಜುಲೈಯಲ್ಲಿ ಸೋನಿಯ ವಾಕ್‌ಮನ್ ಬಂತು. ನಡೆಯುತ್ತ, ರೈಲಿನಲ್ಲಿ ಕೂತು, ಕಾರು ಓಡಿಸುತ್ತ ಕೇಳುವ ಸಂಗೀತಕ್ಕೆ ಒಂದು ಮಾರುಕಟ್ಟೆಯೇ ತೆರೆಯಿತು. ಟಿವಿ ಜಾಹೀರಾತು, ಕ್ರೀಡಾ ಪ್ರಸಾರಗಳಿಗೂ ಹಾಡಿಲ್ಲದ ಚುರುಕು ಸಂಗೀತ ಬೇಕಿತ್ತು.

ಫ್ಯೂಷನ್‌ನ ಎರಡು ಕಂಬಗಳು

ಕ್ಯಾಸಿಯೋಪಿಯದ ಮೊದಲ ಆಲ್ಬಂ 1979ರದು. ಗಿಟಾರ್ ಇಸ್ಸೇಯ್ ನೋರೊ, ಬೇಸ್ ತೆತ್ಸುಒ ಸಕುರಾಯ್, ಕೀಬೋರ್ಡ್ ಮಿನೊರು ಮುಕಾಯಾ. ಅಮೆರಿಕದ ಬ್ರೆಕರ್ ಸಹೋದರರು ಮತ್ತು ಡೇವಿಡ್ ಸ್ಯಾನ್‌ಬೋರ್ನ್ ಅತಿಥಿಗಳಾಗಿ ಊದಿದ್ದಾರೆ. 1980ರಲ್ಲಿ ಜಿಂಬೊ ಸೇರಿದ ಮೇಲೆ ತಂಡಕ್ಕೆ ನಿಜವಾದ ಆಕಾರ ಬಂತು. ಶುರುಮಾಡಲು ಹೇಳಿಮಾಡಿಸಿದ್ದು 1982ರ 'ಮಿಂಟ್ ಜಾಮ್ಸ್', ಒಟ್ಟು ಏಳು ಕೃತಿ. ಟೋಕಿಯೊದ ತ್ಸುಕಿಜಿಯಲ್ಲಿ ಆ ವರ್ಷದ ಫೆಬ್ರವರಿಯಲ್ಲಿ ಸಭಿಕರ ಮುಂದೆ ನುಡಿಸಿದ್ದನ್ನು ಸ್ಟುಡಿಯೊ ಆಲ್ಬಮ್ಮಿನಷ್ಟು ಶುಚಿಯಾಗಿ ಮಿಶ್ರಣ ಮಾಡಿದ್ದಾರೆ. ಕಛೇರಿಯ ಬಿಸಿ ಇದೆ, ಸದ್ದುಗದ್ದಲ ಇಲ್ಲ. ಆಲ್ಬಮ್ಮಿನ ಹೆಸರು ನಾಲ್ವರ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದ ಪದಚಮತ್ಕಾರ.

ಎರಡನೆಯ ಕೃತಿ 'ಅಸಾಯಾಕೆ', ಅಂದರೆ ಬೆಳಗಿನ ಬಾನಿನ ಕೆಂಪು. ಆರಂಭದ ಗಿಟಾರ್ ಹೊಡೆತದಲ್ಲಿ ಮೇಲೆ ಹೇಳಿದ ಹದಿನಾರರ ಸೀಳು ಬರಿಗಿವಿಗೆ ಕಾಣಿಸುತ್ತದೆ. ಐದನೆಯದು 'ಡಾಮಿನೊ ಲೈನ್', ಅದರಲ್ಲಿ ಸಕುರಾಯ್ ಅವರ ಉದ್ದನೆಯ ಬೇಸ್ ಸೋಲೊ ಇದೆ. ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ಬೆರಳಿನಿಂದ ಎಳೆದು ಬಿಡುವ ಈ ಶೈಲಿಗೆ ಸ್ಲ್ಯಾಪ್ ಎನ್ನುತ್ತಾರೆ. ಬಡಿದಾಗ 'ಧಂ', ಎಳೆದಾಗ 'ಟಕ್'. ಒಬ್ಬನೇ ಮದ್ದಳೆಯ ಎರಡೂ ಮುಖ ಬಾರಿಸಿದ ಹಾಗೆ.

ಕೀಬೋರ್ಡಿನ ಮುಕಾಯಾ ಅವರದು ವಿಚಿತ್ರ ಎರಡನೇ ಬದುಕು. ರೈಲಿನ ಹುಚ್ಚು ಇದ್ದ ಅವರು ರೈಲು ಓಡಿಸುವ ಸಿಮ್ಯುಲೇಟರ್ ತಯಾರಿಸುವ ಕಂಪನಿ ಕಟ್ಟಿದರು. ಜಪಾನಿನ ನಿಲ್ದಾಣಗಳಲ್ಲಿ ರೈಲು ಹೊರಡುವ ಮುನ್ನ ಕೇಳಿಸುವ ಪುಟ್ಟ ರಾಗಗಳನ್ನು ನೂರಕ್ಕೂ ಹೆಚ್ಚು ಸಂಯೋಜಿಸಿದರು. ಟೋಕಿಯೊ ಮೆಟ್ರೊದ ತೊಜಾಯ್ ಮಾರ್ಗಕ್ಕೆ 2015ರಲ್ಲಿ ಬರೆದ ರಾಗಗಳನ್ನು ನಿಲ್ದಾಣಗಳ ಕ್ರಮದಲ್ಲೇ ಜೋಡಿಸಿದರೆ ಒಂದು ಇಡೀ ಹಾಡಾಗುತ್ತದೆ.

ಎರಡನೆಯ ಕಂಬ ಟಿ-ಸ್ಕ್ವೇರ್. ಗಿಟಾರಿನ ಮಸಹಿರೊ ಅಂದೊ ಕಟ್ಟಿದ ಈ ತಂಡ 1978ರಲ್ಲಿ ಮೊದಲ ಆಲ್ಬಂ ತಂದಾಗ ಹೆಸರು ಬರೀ 'ದ ಸ್ಕ್ವೇರ್'. ಕ್ಯಾಸಿಯೋಪಿಯದಲ್ಲಿ ಲಯ ಮುಂದೆ, ಇಲ್ಲಿ ರಾಗಧಾಟಿ ಮುಂದೆ. ಒಮ್ಮೆ ಕೇಳಿದರೆ ಸಂಜೆಯವರೆಗೆ ಬಾಯಲ್ಲಿ ಉಳಿಯುವಂಥವು. 1987ರ 'ಟ್ರೂತ್' ಫುಜಿ ಟಿವಿಯ ಫಾರ್ಮುಲಾ ಒನ್ ಪ್ರಸಾರದ ಸಂಗೀತವಾಯಿತು, ಅಂದಿನಿಂದ ಅದು ಜಪಾನಿನಲ್ಲಿ ಕಾರ್ ರೇಸ್‌ಗೆ ಪರ್ಯಾಯಪದ. ಇಲ್ಲಿ ಮುಖ್ಯಧಾಟಿ ನುಡಿಸುವ ತಕೇಶಿ ಇತೊ ಅವರ ಕೈಯಲ್ಲಿರುವುದು ಸ್ಯಾಕ್ಸೊಫೋನ್ ಅಲ್ಲ, ಇವಿ ಎಂಬ ಎಲೆಕ್ಟ್ರಾನಿಕ್ ಊದುವಾದ್ಯ. ಊದುವ ಉಸಿರಿನ ಒತ್ತಡವನ್ನು ಅಳೆದು ಅದು ಸಿಂಥಸೈಜರ್‌ಗೆ ತಿಳಿಸುತ್ತದೆ. ಹಾಗಾಗಿ ಸ್ವರ ಯಂತ್ರದ್ದು, ಉಸಿರು ಮನುಷ್ಯನದು. ಹಿರೊತಕಾ ಇಝುಮಿ ರಚಿಸಿದ 'ತಕಾರಾಜಿಮಾ' (ನಿಧಿಯ ದ್ವೀಪ) ಮೇಲೆ ಹೇಳಿದ ಶಾಲಾ ತಂಡಗಳ ನಿತ್ಯದ ಕೃತಿಯಾಗಿಬಿಟ್ಟಿದೆ.

ಈ ಇಬ್ಬರ ಆಚೆಗೆ ಗಿಟಾರ್ ವಾದಕ ಕಾಜುಮಿ ವತಾನಾಬೆ ಇದ್ದಾರೆ. 1980ರ 'ತೊ ಚಿ ಕಾ' ಅವರದು. ಸ್ಯಾಕ್ಸೊಫೋನಿನ ಸದಾಒ ವತಾನಾಬೆ ಅವರ 1978ರ 'ಕ್ಯಾಲಿಫೋರ್ನಿಯಾ ಶವರ್' ಇಡೀ ಅಲೆಯನ್ನು ಮನೆಮನೆಗೆ ತಂದ ಆಲ್ಬಂ. ಇನ್ನು ತಕಾನಾಕಾ: 1976ರ 'ಸೇಷೆಲ್ಸ್', 1979ರ 'ಜಾಲಿ ಜೈವ್'. ಬೇಸಿಗೆ, ಸಮುದ್ರ, ಬಿಸಿಲು. ಸರ್ಫ್‌ಬೋರ್ಡ್‌ನಿಂದಲೇ ಮಾಡಿದ ಗಿಟಾರನ್ನು ವೇದಿಕೆಗೆ ತರುವ ಮನುಷ್ಯ.

ಪ್ರೋಗ್ ಕಡೆಗೆ ದಾಟುವುದು

ದಾಟಲು ಸೇತುವೆಯೂ ತಕಾನಾಕಾ ಅವರದೇ. 1981ರ 'ದ ರೇನ್‌ಬೋ ಗಾಬ್ಲಿನ್ಸ್' ಎರಡು ಎಲ್‌ಪಿಗಳ ಕಥಾರೂಪ: ಕಾಮನಬಿಲ್ಲಿನ ಬಣ್ಣಗಳನ್ನು ಕುಡಿಯಲು ಹೊರಟ ಏಳು ಪುಟ್ಟ ಪಿಶಾಚಿಗಳ ಕಥೆ, ಉಲ್ ದ ರಿಕೊ ಅವರ ಚಿತ್ರಪುಸ್ತಕದಿಂದ ತೆಗೆದುಕೊಂಡದ್ದು. ನುಡಿಸಾಣಿಕೆ ಫ್ಯೂಷನ್, ಕಟ್ಟಡ ಪ್ರೋಗ್.

ಪ್ರೋಗ್ ಮನೆಗೆ ಕಾಲಿಡುವ ಬಾಗಿಲು 'ಯೋನಿನ್‌ಬಾಯಾಶಿ'. ಹೆಸರಿನ ಅರ್ಥ ನಾಲ್ವರ ಮೇಳ. 'ನೋ' ಎಂಬ ಜಪಾನಿನ ಸಾಂಪ್ರದಾಯಿಕ ನಾಟಕದಲ್ಲಿ ಕೊಳಲು ಮತ್ತು ಮೂರು ಬಗೆಯ ಚರ್ಮವಾದ್ಯಗಳ ಹಿಮ್ಮೇಳಕ್ಕೆ ಇರುವ ಮಾತಿನ ಛಾಯೆ. ಪಿಂಕ್ ಫ್ಲಾಯ್ಡ್‌ನ ಉದ್ದನೆಯ 'ಎಕೋಸ್' ಅನ್ನು ವೇದಿಕೆಯಲ್ಲಿ ನುಡಿಸಿ ತೋರಿಸಿ ಹೆಸರು ಮಾಡಿದ ಹುಡುಗರು ಇವರು. 1974ರ 'ಇಶೊಕು ಸೊಕುಹತ್ಸು', ಅಂದರೆ 'ಮುಟ್ಟಿದರೆ ಸಿಡಿಯುವ ಸ್ಥಿತಿ', ಇಂದಿಗೂ ಜಪಾನಿ ಪ್ರೋಗ್‌ನ ಅಳತೆಗೋಲು. ಹಬ್ಬದ ಕುರಿತ 'ಓಮತ್ಸುರಿ'ಯಲ್ಲಿ ಸೋಮಾರಿ ನಡಿಗೆಯ ಹಾಡು ಮೆಲ್ಲಗೆ ಶುರುವಾಗಿ, ನಡುವೆ ಪೂರ್ತಿ ಕಾವು ಏರಿ, ಮತ್ತೆ ಇಳಿಯುತ್ತದೆ. ಇವರ ಗಿಟಾರ್ ವಾದಕ ಕತ್ಸುತೋಶಿ ಮೊರಿಝೊನೊ ಮುಂದೆ 'ಪ್ರಿಸಂ' ಎಂಬ ಫ್ಯೂಷನ್ ತಂಡ ಸೇರಿದರು, ಅದರ ಮೊದಲ ಆಲ್ಬಂ 1977ರದು. ಗೋಡೆ ತೆಳು ಎಂದದ್ದು ಇದಕ್ಕೇ.

ಇನ್ನೊಂದು ದಿಕ್ಕು ಫಾರ್ ಈಸ್ಟ್ ಫ್ಯಾಮಿಲಿ ಬ್ಯಾಂಡ್. 1976ರ 'ಪ್ಯಾರಲಲ್ ವರ್ಲ್ಡ್'ಗೆ ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತಗಾರ ಕ್ಲಾಸ್ ಶುಲ್ತ್ಸೆ ಕೈಜೋಡಿಸಿದರು, ಧ್ವನಿಮುದ್ರಣ ಆದದ್ದು ಇಂಗ್ಲೆಂಡಿನ ಮ್ಯಾನರ್ ಸ್ಟುಡಿಯೊದಲ್ಲಿ. ಇದು ಎಣಿಸುವ ಸಂಗೀತವಲ್ಲ, ತೇಲುವ ಸಂಗೀತ. ಆಗ ಇದರ ಕೀಬೋರ್ಡ್ ನುಡಿಸುತ್ತಿದ್ದವರು ಮುಂದೆ 'ಕಿತಾರೊ' ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧರಾದರು.

'ಶಿಂಗೆತ್ಸು' (ಅಮಾವಾಸ್ಯೆಯ ಚಂದ್ರ) 1979ರಲ್ಲಿ ತಂದ ಆಲ್ಬಂ ಜೆನೆಸಿಸ್ ದಾರಿಯದು. ಮೊದಲ ಕೃತಿ 'ಓನಿ', ಅಂದರೆ ರಾಕ್ಷಸ. ಇಲ್ಲಿ ಮಂಜಿನಂತೆ ಹಬ್ಬುವ ತಂತಿವಾದ್ಯಗಳ ದನಿ ಮೆಲೊಟ್ರಾನ್‌ನದು. ಕೀಬೋರ್ಡಿನಂಥ ಆ ಯಂತ್ರದ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು. ಒತ್ತಿದರೆ ಮೊದಲೇ ಮುದ್ರಿಸಿಟ್ಟ ಪಿಟೀಲುಗಳ ಸ್ವರ ಕೇಳುತ್ತದೆ. ಟೇಪು ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ, ಆಗ ಬೆರಳು ಎತ್ತಲೇಬೇಕು. ಪ್ರೋಗ್‌ನ ನಿಧಾನ ಭಾಗಗಳಲ್ಲಿ ಸ್ವರಗಳು ಅಲೆಯಂತೆ ಬಂದು ಬಂದು ಬದಲಾಗುವುದಕ್ಕೆ ಈ ಎಂಟು ಸೆಕೆಂಡಿನ ಮಿತಿಯೂ ಒಂದು ಕಾರಣ.

1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ರೋಗ್‌ನ ಹಳೆಯ ವೈಭವ ಮುಗಿದಿದ್ದಾಗ ಜಪಾನಿನಲ್ಲಿ ಹೊಸ ತಂಡಗಳು ಏಳುತ್ತಲೇ ಇದ್ದವು. ಕಿಂಗ್ ರೆಕಾರ್ಡ್ಸ್‌ನ 'ನೆಕ್ಸಸ್' ಲಾಂಛನ ಇವುಗಳ ತವರು. ಕಿಂಗ್ ಕ್ರಿಮ್ಸನ್‌ನ ಚೂಪನ್ನು ಮೈಗೂಡಿಸಿಕೊಂಡ 'ಬಿ ಕ್ಯೊ ರಾನ್' (1982), ಒಸಾಕಾ ಸುತ್ತಲಿನ ಕನ್ಸಾಯ್ ಸೀಮೆಯ 'ಐನ್ ಸೋಫ್' (1980ರ 'ಎ ಸ್ಟೋರಿ ಆಫ್ ಮಿಸ್ಟೀರಿಯಸ್ ಫಾರೆಸ್ಟ್', ಫ್ಯೂಷನ್ ರುಚಿಯವರಿಗೆ ಇದು ಬೇಗ ಒಗ್ಗುತ್ತದೆ), 'ನೋವೆಲಾ'. ಇವರ ನಡುವೆ 'ಕೆನ್ಸೋ' ಬೇರೆಯೇ ತೂಕದ ತಂಡ. ಗಿಟಾರಿನ ಯೊಶಿಹಿಸಾ ಶಿಮಿಜು ವೃತ್ತಿಯಲ್ಲಿ ದಂತವೈದ್ಯರು. ತಂಡದ ಹೆಸರು ಅವರು ಓದಿದ ಸಗಾಮಿಹರಾ ಪ್ರೌಢಶಾಲೆಯ ಹೆಸರಿನ ಹ್ರಸ್ವರೂಪ. 1991ರ 'ಯುಮೆ ನೊ ಒಕಾ'ದಲ್ಲಿ ಫ್ಯೂಷನ್‌ನ ಕೈಚಳಕ, ಪ್ರೋಗ್‌ನ ತಾಳಪಲ್ಲಟ ಎರಡೂ ಒಂದೇ ಉಸಿರಿನಲ್ಲಿವೆ.

ಸ್ವರಗಳ ಬಗ್ಗೆ ಒಂದು ಮಾತು. ಜಪಾನಿನ ಸಾಂಪ್ರದಾಯಿಕ ಐದು ಸ್ವರಗಳ ಶ್ರೇಣಿಗಳು ನಮಗೆ ಪರಿಚಿತವೇ. ಸ ರಿ ಗ ಪ ದ, ನಮ್ಮ ಮೋಹನ, ಅಲ್ಲಿ 'ಯೊನಾನುಕಿ'; ನಾಲ್ಕನೆಯ ಮತ್ತು ಏಳನೆಯ ಸ್ವರ ಬಿಟ್ಟದ್ದು ಎಂದೇ ಅದರ ಅರ್ಥ. ಸ ರಿ ಮ ಪ ದ, ಹಿಂದುಸ್ತಾನಿಯ ದುರ್ಗಾ, ಅಲ್ಲಿ 'ರಿತ್ಸು'. ರಿಷಭ, ಧೈವತ ಎರಡನ್ನೂ ಇಳಿಸಿದರೆ ನಮ್ಮ 'ಕರ್ನಾಟಕ ಶುದ್ಧಸಾವೇರಿ' ಎಂಬ ರಾಗ, ಅವರ 'ಮಿಯಾಕೊಬುಶಿ'. ಪ್ರೋಗ್ ಕೃತಿಯ ನಡುವೆ ಒಮ್ಮೆಲೇ ಏನೋ 'ಜಪಾನಿ' ಎನಿಸಿದರೆ ಈ ಮೂರನೆಯದು ಇಣುಕಿತೇ ಎಂದು ನೋಡಿ.

ಕೇಳುವ ಕ್ರಮ

'ಮಿಂಟ್ ಜಾಮ್ಸ್' ಅನ್ನು ಮೂರು ಸಲ ಕೇಳಿ. ಮೊದಲ ಸಲ ಕೈಯಲ್ಲಿ ತಾಳ, ಬೇರೇನೂ ಬೇಡ. ಎರಡನೆಯ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಮೂರನೆಯ ಸಲ ಕಿಮೆ ಬರುವ ಮೊದಲೇ ಎಲ್ಲಿ ಬರಬಹುದೆಂದು ಊಹಿಸಿ. ಬಳಿಕ ಟಿ-ಸ್ಕ್ವೇರ್, 'ಸೇಷೆಲ್ಸ್', 'ತೊ ಚಿ ಕಾ'. ಅಲ್ಲಿಂದ 'ರೇನ್‌ಬೋ ಗಾಬ್ಲಿನ್ಸ್' ಸೇತುವೆ, ಯೋನಿನ್‌ಬಾಯಾಶಿ, ಐನ್ ಸೋಫ್, ಶಿಂಗೆತ್ಸು, ಕೆನ್ಸೋ. ಬಿ ಕ್ಯೊ ರಾನ್ ಆಮೇಲೆ.

ಕಟ್ಟಕಡೆಗೆ ಡ್ರಮ್ಸ್ ವಾದಕ ತತ್ಸುಯಾ ಯೊಶಿದಾ ಅವರ ಎರಡು ತಂಡ: ಬರೀ ಬೇಸ್ ಮತ್ತು ಡ್ರಮ್ಸ್‌ನ 'ರುಯಿನ್ಸ್', ಮತ್ತು 'ಕೊಯೆಂಜಿ ಹ್ಯಕ್ಕೇಯ್' (2005ರ 'ಆಂಗೆರ್ ಶಿಸ್ಪಾ'). ತಾಳ ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ, ಹಾಡುವುದು ಯಾವ ದೇಶದ್ದೂ ಅಲ್ಲದ ಕಲ್ಪಿತ ಭಾಷೆಯಲ್ಲಿ. ಹೊಸಬರು ಇಲ್ಲಿಂದ ಶುರುಮಾಡಿ ಇಡೀ ಪ್ರಕಾರಕ್ಕೇ ಕೈಮುಗಿಯುವುದು ಮಾಮೂಲಿ. ಆವಕಾಯಿ ಉಪ್ಪಿನಕಾಯಿಯನ್ನು ಅನ್ನವಿಲ್ಲದೆ ತಿಂದ ಹಾಗಾಗುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಗಿಟಾರಿನ ಕೆಳಗಿನ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರ್ ಅದನ್ನು ಹೊರಡಿಸಲಾರದು, ಅರ್ಧ ತಂಡವೇ ಮಾಯ. ಸಾಧಾರಣ ಬೆಲೆಯ ವೈರಿನ ಇಯರ್‌ಫೋನ್ ಸಾಕು. ಪ್ರೋಗ್ ಕೇಳುವಾಗ ಆ್ಯಪ್‌ನಲ್ಲಿ ಷಫಲ್ ಆಫ್ ಮಾಡಿ, ಒಂದು ಕೃತಿಯ ಬಾಲಕ್ಕೆ ಇನ್ನೊಂದನ್ನು ಬೆರೆಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿ.

ಹುಡುಕುವಾಗ ಎಡವುವ ಜಾಗಗಳು

ಮೊದಲನೆಯದು ಕಾಗುಣಿತ. ಕ್ಯಾಸಿಯೋಪಿಯ ತಂಡದ ಇಂಗ್ಲಿಷ್ ಹೆಸರಿನಲ್ಲಿ 'ಎಸ್' ಒಂದೇ. ನಕ್ಷತ್ರಪುಂಜದ ಹೆಸರಿನಂತೆ ಎರಡು ಹಾಕಿದರೆ ಬೇರೇನೋ ಸಿಗುತ್ತದೆ. ಟಿ-ಸ್ಕ್ವೇರ್‌ನ ಹಳೆಯ ಆಲ್ಬಂಗಳು 'ದ ಸ್ಕ್ವೇರ್' ಹೆಸರಿನಡಿ ಬೇರೆ ಪುಟದಲ್ಲಿರಬಹುದು. ಕ್ಯಾಸಿಯೋಪಿಯ ಕೂಡ 2012ರಲ್ಲಿ 'ಥರ್ಡ್', 2022ರಲ್ಲಿ 'ಪಿ4' ಎಂದು ಬಾಲ ಸೇರಿಸಿಕೊಂಡಿತು. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಆದ್ದರಿಂದ ವತಾನಾಬೆ ಕಾಜುಮಿ, ಕಾಜುಮಿ ವತಾನಾಬೆ ಒಬ್ಬರೇ. ಯೋನಿನ್‌ಬಾಯಾಶಿಯಂಥ ಹೆಸರಿಗೆ ಇಂಗ್ಲಿಷ್ ಕಾಗುಣಿತ ನೂರೆಂಟು. ಸುಲಭದ ಉಪಾಯ: ವಿಕಿಪೀಡಿಯದ ಪುಟ ತೆರೆದು, ಅಲ್ಲಿ ಕೊಟ್ಟಿರುವ ಜಪಾನಿ ಲಿಪಿಯ ಹೆಸರನ್ನು ನಕಲು ಮಾಡಿ ಹುಡುಕುವ ಜಾಗದಲ್ಲಿ ಅಂಟಿಸಿ. ಫಲಿತಾಂಶವೇ ಬೇರೆ ಬರುತ್ತದೆ.

ಎರಡನೆಯದು ವೇಗ ತಿರುಚಿದ ಪ್ರತಿಗಳು. ಹಕ್ಕುಸ್ವಾಮ್ಯದ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಕೆಲವರು ಮೂಲವನ್ನು ಚೂರು ವೇಗವಾಗಿಯೋ ನಿಧಾನವಾಗಿಯೋ ಮಾಡಿ ಏರಿಸುತ್ತಾರೆ. ಶ್ರುತಿಯೂ ಸರಿಯುತ್ತದೆ. ಅನುಮಾನ ಬಂದರೆ ಡಿಸ್ಕಾಗ್ಸ್ ಜಾಲತಾಣದಲ್ಲಿ ಆ ಆಲ್ಬಮ್ಮಿನ ಪುಟ ತೆರೆದು ನಿಮಿಷ-ಸೆಕೆಂಡು ತಾಳೆ ನೋಡಿ.

ಮೂರನೆಯದು ಇತ್ತೀಚಿನ ಕಾಟ. '1980ರ ಜಪಾನಿ ಫ್ಯೂಷನ್, ಮರೆತುಹೋದ ಆಲ್ಬಂ' ಎಂಬ ತಲೆಬರಹದ ಗಂಟೆಗಟ್ಟಲೆ ವಿಡಿಯೊಗಳಲ್ಲಿ ಹಲವು ಎಐ ತಯಾರಿಸಿದವು. ಕೇಳಲು ನುಣುಪಾಗಿರುತ್ತವೆ, ಕಿಮೆ ಮಾತ್ರ ಬರುವುದಿಲ್ಲ, ಬಂದರೂ ಎಲ್ಲಿಗೂ ಕೂಡುವುದಿಲ್ಲ. ನಿಜವಾದ ಆಲ್ಬಮ್ಮಿಗೆ ವಾದಕರ ಹೆಸರು, ರೆಕಾರ್ಡ್ ಕಂಪನಿ, ಕ್ಯಾಟಲಾಗ್ ಸಂಖ್ಯೆ ಇರುತ್ತದೆ. ಮೂರರಲ್ಲಿ ಒಂದೂ ಸಿಗದಿದ್ದರೆ ಅದು ಖೋಟಾ ಎಂದೇ ಲೆಕ್ಕ.

ವಾದಕರ ಪಟ್ಟಿಗೆ ಇನ್ನೊಂದು ಉಪಯೋಗ. ಕಾಜುಮಿ ವತಾನಾಬೆಯವರ 1979ರ 'ಕಿಲಿನ್' ಆಲ್ಬಮ್ಮಿನ ಹಿಂಬದಿ ನೋಡಿದರೆ ಕೀಬೋರ್ಡಿನಲ್ಲಿ ರ್ಯೂಇಚಿ ಸಕಾಮೊತೊ. ಅವರ ಹಿಂದೆ ಹೋದರೆ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ. ಆ ತಂಡದ 1979ರ ವಿದೇಶ ಪ್ರವಾಸದಲ್ಲಿ ಗಿಟಾರ್ ನುಡಿಸಿದ್ದು ಮತ್ತೆ ವತಾನಾಬೆ. ಆದರೆ ಪ್ರವಾಸದ ಧ್ವನಿಮುದ್ರಣ 'ಪಬ್ಲಿಕ್ ಪ್ರೆಶರ್'ನಲ್ಲಿ ಅವರ ಗಿಟಾರ್ ಕೇಳುವುದೇ ಇಲ್ಲ. ರೆಕಾರ್ಡ್ ಕಂಪನಿಗಳ ಕರಾರು ಅಡ್ಡಬಂದು ಅದನ್ನು ಅಳಿಸಿ, ಆ ಜಾಗದಲ್ಲಿ ಸಕಾಮೊತೊ ಅವರ ಸಿಂಥಸೈಜರ್ ತುಂಬಿದರು. ಹೀಗೆ ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗುವುದು ಯಾವ ಆ್ಯಪ್‌ನ ಶಿಫಾರಸಿಗಿಂತಲೂ ವಾಸಿ.

ಕೊಳ್ಳುವುದಾದರೆ

ಜಪಾನಿನ ಎಲ್‌ಪಿಗಳಿಗೆ ಎಡಬದಿಯಲ್ಲಿ ಸುತ್ತಿದ ಕಾಗದದ ಪಟ್ಟಿ ಇರುತ್ತದೆ, ಹೆಸರು 'ಒಬಿ', ಕಿಮೋನೊದ ಸೊಂಟಪಟ್ಟಿಯ ಹೆಸರೇ. ಬೆಲೆ, ಸಂಖ್ಯೆ, ಜಾಹೀರಾತಿನ ಒಂದು ಸಾಲು ಅದರಲ್ಲಿ. ಹರಿಯುವುದು ಬೇಗ, ಆದ್ದರಿಂದ ಒಬಿ ಸಹಿತದ ಪ್ರತಿಗೆ ಬೆಲೆ ಹೆಚ್ಚು. ಕೇಳುವುದಷ್ಟೇ ಮುಖ್ಯವಾದರೆ ಒಬಿ ಇಲ್ಲದ್ದನ್ನು ತೆಗೆದುಕೊಳ್ಳಿ, ಒಳಗಿನ ತಟ್ಟೆಗೆ ಏನೂ ವ್ಯತ್ಯಾಸವಿಲ್ಲ. ಮಾರುವವರು ತಟ್ಟೆಯ ಸ್ಥಿತಿ ಮತ್ತು ಹೊದಿಕೆಯ ಸ್ಥಿತಿಯನ್ನು ಬೇರೆಬೇರೆಯಾಗಿ ನಮೂದಿಸುತ್ತಾರೆ, ಮೊದಲನೆಯದನ್ನು ಓದಿ. ಒಂದೊಂದಾಗಿ ತರಿಸಿದರೆ ಸಾಗಣೆ ಖರ್ಚೇ ತಟ್ಟೆಯ ಬೆಲೆ ಮೀರಬಹುದು. ನಾಲ್ಕೈದು ಸೇರಿಸಿ ತರಿಸುವುದು ಮೇಲು, ಮೇಲೆ ಕಸ್ಟಮ್ಸ್ ಸುಂಕಕ್ಕೂ ಹಣ ಎತ್ತಿಡಬೇಕು.

ಕಛೇರಿಗಳ ವಿಡಿಯೊ ಕೊಳ್ಳುವಾಗ ಮಾತ್ರ ಎಚ್ಚರ. ಡಿವಿಡಿಗೆ ಜಪಾನ್ 2ನೇ ವಲಯ, ಭಾರತ 5ನೇ ವಲಯ. ಬ್ಲೂ-ರೇಗೆ ಜಪಾನ್ 'ಎ', ಭಾರತ 'ಸಿ'. ವಲಯದ ಬೀಗ ಹಾಕಿದ ಡಿಸ್ಕ್ ಆದರೆ ಇಲ್ಲಿನ ಪ್ಲೇಯರ್ ಅದನ್ನು ಓದದೆ ಹೊರಗೆ ತಳ್ಳುತ್ತದೆ, ಎಲ್ಲ ವಲಯ ಓದುವ ಪ್ಲೇಯರ್ ಬೇಕಾಗುತ್ತದೆ. ಆಡಿಯೊ ಸಿಡಿಗೆ ಈ ಗೋಜಿಲ್ಲ.